ಮಲಬಾರಿನಿಂದ ಕಾಲ್ವ್ ನಗರಕ್ಕೆ: ಗುಂಡರ್ಟ್ ಕುಟುಂಬದ ಪರದೇಶವಾಸ ಮತ್ತು ಪುನರಾಗಮನ

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದಾಗ, ಅದನ್ನು ಕಟ್ಟಿದ ಗುರುಗಳನ್ನೂ ಮೊದಮೊದಲು ಇಲ್ಲಿ ಸುವಾರ್ತೆಯನ್ನು ಸಾರಿದ ಮಿಶನರಿಗಳನ್ನೂ ಕೃತಜ್ಞತೆಯಿಂದ ಸ್ಮರಿಸುವುದು ನಮ್ಮ ಸಂಪ್ರದಾಯ. ಅವರು ಎಷ್ಟು ಕಷ್ಟಪಟ್ಟರು, ಎಷ್ಟು ಶಾಲೆಗಳನ್ನು ತೆರೆದರು, ಯಾವ ಯಾವ ಗ್ರಂಥಗಳನ್ನು ರಚಿಸಿದರು ಎಂಬುದನ್ನು ನಾವು ಬಲ್ಲೆವು. ಆದರೆ ಅವರು ಬಿಟ್ಟುಬಂದ ಮನೆಗಳ ವಿಷಯವನ್ನು ನಾವು ಅಷ್ಟಾಗಿ ಯೋಚಿಸಿದವರಲ್ಲ. ಹಡಗು ಹತ್ತಿದವನ ತ್ಯಾಗ ಚರಿತ್ರೆಯಲ್ಲಿ ದಾಖಲಾಗುತ್ತದೆ. ದಡದಲ್ಲಿ ನಿಂತವರ ತ್ಯಾಗಕ್ಕೆ ಬರಹಗಾರರು ಕಡಮೆ.

ಕಥೋಲಿಕ ಗುರುಗಳು ಬ್ರಹ್ಮಚರ್ಯವ್ರತವನ್ನು ಕೈಕೊಂಡವರಾದ್ದರಿಂದ ಅವರು ಅಗಲಿ ಬರುವುದು ತಂದೆತಾಯಿಯರನ್ನು, ಒಡಹುಟ್ಟಿದವರನ್ನು. ಪ್ರಾಟೆಸ್ಟೆಂಟ್ ಮಿಶನರಿಗಳಾದರೋ ಸಂಸಾರಸಮೇತರಾಗಿ ಬಂದರು. ಅವರ ಅಗಲಿಕೆ ಮನೆಯ ಒಳಗೇ ನಡೆಯಿತು. ಮಡದಿ ಜೊತೆಗೆ ಬಂದಳು, ಮಕ್ಕಳು ಇಲ್ಲಿಯೇ ಹುಟ್ಟಿದರು, ಹುಟ್ಟಿದ ಮಕ್ಕಳು ದೂರವಾದರು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಕ್ರೈಸ್ತ ಐಕ್ಯದ ಆದೇಶಪತ್ರವು, ನಮ್ಮಿಂದ ಬೇರೆಯಾಗಿರುವ ಸೋದರರ ಜೀವನದಲ್ಲಿ ಕಾಣಬರುವ ಕ್ರಿಸ್ತಸಾಕ್ಷ್ಯವನ್ನು ಸಂತೋಷದಿಂದ ಗುರುತಿಸಬೇಕೆಂದು ನಮಗೆ ಕಲಿಸಿದೆ. ಆ ಮನೋಭಾವದಿಂದಲೇ ಇಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಾಳಿದ ಬಾಸೆಲ್ ಮಿಶನ್ನಿನ ಒಂದು ಕುಟುಂಬದ ಮೂರು ತಲೆಮಾರುಗಳ ಕಥೆಯನ್ನು ನಿರೂಪಿಸಲಾಗಿದೆ.

ಹೊರಟವರು

ಹೆರ್ಮನ್ ಗುಂಡರ್ಟರು 1814ರ ಫೆಬ್ರವರಿ 4ರಂದು ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಷ್ಟುಟ್‌ಗಾರ್ಟ್ ನಗರದಲ್ಲಿ ಜನಿಸಿದರು. ಮೌಲ್‌ಬ್ರೊನ್ನಿನ ವಿದ್ಯಾಮಂದಿರದಲ್ಲಿಯೂ ಬಳಿಕ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿ 1835ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಸ್ವದೇಶದಲ್ಲಿಯೇ ಪಂಡಿತರಾಗಿ ಸುಖವಾಗಿ ಬಾಳಬಹುದಾಗಿದ್ದ ಈ ತರುಣನನ್ನು ಭಾರತಕ್ಕೆ ಕರೆದುತಂದವರು ಆ್ಯಂಟನಿ ನೋರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಶನರಿ. ಗ್ರೋವ್ಸರು ಮೊದಲು ದಂತವೈದ್ಯರಾಗಿದ್ದವರು. ಆ ವೃತ್ತಿಯನ್ನು ತೊರೆದು ಬಾಗ್ದಾದಿಗೆ ಹೋಗಿ, 1831ರಲ್ಲಿ ಅಲ್ಲಿ ಹಬ್ಬಿದ ಮಹಾಮಾರಿಯಲ್ಲಿ ಪತ್ನಿಯನ್ನು ಕಳೆದುಕೊಂಡವರು. ಅವರ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರಾಗಿ ಗುಂಡರ್ಟರು 1836ರಲ್ಲಿ ಮದರಾಸಿಗೆ ಬಂದಿಳಿದರು.

ಅದೇ ತಂಡದಲ್ಲಿ ಸ್ವಿಟ್ಜರ್ಲೆಂಡಿನ ಕೊರ್ಸೆಲ್ ಎಂಬ ಊರಿನ ಜೂಲಿ ದ್ಯುಬುವಾ ಎಂಬ ಕನ್ಯೆಯೂ ಇದ್ದರು. 1809ರಲ್ಲಿ ಜನಿಸಿದ ಆಕೆ ವಯಸ್ಸಿನಲ್ಲಿ ಗುಂಡರ್ಟರಿಗಿಂತ ಹಿರಿಯರು, ಮಾತೃಭಾಷೆ ಫ್ರೆಂಚ್. 1838ರಲ್ಲಿ ಇವರಿಬ್ಬರ ವಿವಾಹವಾಯಿತು. ಆ ವರ್ಷವೇ ದಂಪತಿಗಳು ಪೂರ್ವ ತೀರವನ್ನು ಬಿಟ್ಟು ಮಂಗಳೂರಿಗೆ ಬಂದು, 1834ರಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನ್ನನ್ನು ಸೇರಿದರು. ಮರುವರ್ಷ, ಅಂದರೆ 1839ರಲ್ಲಿ, ಅವರ ಸಂಸಾರ ಮಲಬಾರಿನ ತಲಶೇರಿಗೆ ಸಾಗಿತು. ಊರ ಹೊರಗಿನ ಇಲ್ಲಿಕುನ್ನು ಎಂಬ ಗುಡ್ಡದ ಮೇಲಿನ ಬಂಗಲೆ ಅವರ ಮನೆಯಾಯಿತು.

ಜರ್ಮನ್ ಗಂಡ, ಫ್ರೆಂಚ್ ನುಡಿಯ ಹೆಂಡತಿ, ಸುತ್ತಲೂ ಮಲಯಾಳದ ಜನ. ಯಾರ ಊರೂ ಅಲ್ಲದ ಆ ಗುಡ್ಡದ ಮೇಲೆ ಒಂದು ಹೊಸ ಮನೆತನ ಬೇರೂರಿತು.

ಇಲ್ಲಿಕುನ್ನಿನ ಮನೆ

ಗುಂಡರ್ಟರ ಸಾಹಿತ್ಯಸೇವೆ ಸುಪ್ರಸಿದ್ಧವಾದುದು. 1847ರಲ್ಲಿ ಅವರು ಹೊರಡಿಸಿದ ‘ರಾಜ್ಯಸಮಾಚಾರಂ’ ಮಲಯಾಳದ ಮೊದಲ ನಿಯತಕಾಲಿಕವೆಂದು ಪರಿಗಣಿತವಾಗಿದೆ. ಅದೇ ವರ್ಷ ‘ಪಶ್ಚಿಮೋದಯಂ’ ಎಂಬ ಮತ್ತೊಂದು ಪತ್ರಿಕೆಯೂ ಹೊರಬಂದಿತು. ಅವರ ಮಲಯಾಳ ವ್ಯಾಕರಣ 1851ರಲ್ಲಿ ಪ್ರಕಟವಾಯಿತು. ಇವೆಲ್ಲಕ್ಕೂ ನಾಲ್ಕು ವರ್ಷ ಮುಂಚೆ, 1843ರ ಜುಲೈ 1ರಂದು, ಅವರ ಸಹೋದ್ಯೋಗಿ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದರು. ಹೀಗೆ ಒಂದೇ ಮಿಶನ್ನಿನ ಇಬ್ಬರು ಹೆರ್ಮನ್ನರು ಎರಡು ಸೋದರ ಭಾಷೆಗಳಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸಿದರು.

ಅದೇ ಮನೆಯಲ್ಲಿ ನಡೆದ ಜೂಲಿಯವರ ಸೇವೆಯ ವಿಷಯವನ್ನು ಎಷ್ಟು ಮಂದಿ ಬಲ್ಲರು? ತಲಶೇರಿಗೆ ಬಂದು ನೆಲೆಸಿದೊಡನೆ ಅವರು ಹೆಣ್ಣುಮಕ್ಕಳಿಗೆ ಪಾಠ ಹೇಳಲು ತೊಡಗಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸುವುದೇ ವಿರಳವಾಗಿದ್ದ ಕಾಲವದು. ಅನಾಥ ಬಾಲಿಕೆಯರಿಗೆ ಆಶ್ರಯ ನೀಡಿ, ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿ, ಅವರ ಊಟ ಉಡುಗೆ ಕಾಯಿಲೆಕಸಾಲೆಗಳನ್ನು ನೋಡಿಕೊಂಡು, ನಡುನಡುವೆ ತಮ್ಮ ಮಕ್ಕಳನ್ನೂ ಹೆತ್ತು ಸಾಕಿದವರು ಆ ತಾಯಿ. ಗಂಡನ ಹೆಸರು ನಿಘಂಟಿನ ಮುಖಪುಟದ ಮೇಲೆ ಉಳಿಯಿತು. ಹೆಂಡತಿಯ ದುಡಿಮೆ ಕಲಿತು ಹೋದ ಹೆಣ್ಣುಮಕ್ಕಳ ಬಾಳಿನಲ್ಲಿ ಕರಗಿಹೋಯಿತು.

ಗುಂಡರ್ಟ್ ದಂಪತಿಗಳಿಗೆ ಇಲ್ಲಿಯೇ ಮಕ್ಕಳಾದರು. ಅವರಲ್ಲಿ ಮೇರಿ 1842ರ ಅಕ್ಟೋಬರ್ 18ರಂದು ತಲಶೇರಿಯಲ್ಲಿ ಹುಟ್ಟಿದ ಮಗಳು. ಈ ಕಥೆಯ ಹೃದಯವಿರುವುದು ಈ ಮಗಳ ಬಾಳಿನಲ್ಲಿ.

ಮಕ್ಕಳ ಪ್ರಶ್ನೆ

ಅಂದಿನ ಮಿಶನರಿ ಕುಟುಂಬಗಳೆಲ್ಲವನ್ನೂ ಕಾಡಿದ ಪ್ರಶ್ನೆಯೊಂದಿತ್ತು: ಇಲ್ಲಿ ಹುಟ್ಟಿದ ಮಕ್ಕಳನ್ನು ಎಲ್ಲಿ ಬೆಳೆಸುವುದು? ಉಷ್ಣದೇಶದ ಜ್ವರ, ಅತಿಸಾರಗಳಿಂದ ಎಳೆಯ ಮಕ್ಕಳು ಸಾಯುವುದು ಸಾಮಾನ್ಯವಾಗಿತ್ತು. ಅವರಿಗೆ ತಕ್ಕ ಶಿಕ್ಷಣ ಇಲ್ಲಿ ದೊರೆಯದೆಂಬ ಭಾವನೆಯೂ ಇತ್ತು. ಇವುಗಳ ಜೊತೆಗೆ, ಪರದೇಶದ ನಡೆನುಡಿಗಳಲ್ಲಿ ಬೆಳೆದ ಮಕ್ಕಳು ತಮ್ಮವರಾಗಿ ಉಳಿಯಲಾರರೆಂಬ ಅಂಜಿಕೆ ಮಿಶನ್ನಿನ ಹಿರಿಯರನ್ನು ಕಾಡುತ್ತಿತ್ತು. ಈ ಮೂರನೆಯ ಕಾರಣವನ್ನು ಇಂದು ನಾವು ಒಪ್ಪಲಾರೆವು. ಆ ಜನರು ಪ್ರೀತಿಸಿ ಸೇವೆಮಾಡಲು ಬಂದ ನಾಡು ತಮ್ಮ ಮಕ್ಕಳಿಗೆ ತಕ್ಕುದಲ್ಲವೆಂದು ಎಣಿಸಿದ್ದು ಆ ಕಾಲದ ಯುರೋಪಿಯನ್ನರ ಮನಸ್ಸಿನ ಮಿತಿಯನ್ನೇ ತೋರಿಸುತ್ತದೆ.

ಬಾಸೆಲ್ ಮಿಶನ್ನಿನಲ್ಲಿ ಕುಟುಂಬಜೀವನವು ಸಮಿತಿಯ ಅಧೀನದಲ್ಲಿತ್ತು. ಮದುವೆಯಾಗಬೇಕಾದರೆ ಮಿಶನರಿಯು ಬಾಸೆಲಿನ ಸಮಿತಿಯ ಅಪ್ಪಣೆಯನ್ನು ಪಡೆಯಬೇಕು. ವಧುವನ್ನೂ ಸಮಿತಿ ಒಪ್ಪಬೇಕು. ಕಂಡರಿಯದ ವರನನ್ನು ಕೈಹಿಡಿಯಲು ಸಾವಿರಾರು ಮೈಲಿ ಸಮುದ್ರಯಾನ ಮಾಡಿದ ಕನ್ಯೆಯರು ಅನೇಕರು. ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಅವರನ್ನು ಸ್ವದೇಶಕ್ಕೆ ಕಳುಹಿಸಬೇಕಾಗಿತ್ತು. ಅಂಥ ಮಕ್ಕಳಿಗಾಗಿಯೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ನಿಲಯವೊಂದು ಸ್ಥಾಪಿತವಾಯಿತು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮುಂಚಿನ ದಿನಗಳಲ್ಲಿ ತಾಯಿ ಬರೆದ ಓಲೆ ಮಗುವಿನ ಕೈಸೇರಿ, ಮಗುವಿನ ಉತ್ತರ ತಾಯಿಗೆ ಮುಟ್ಟುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತಿದ್ದವು. ಓಲೆ ಬರುವಷ್ಟರಲ್ಲಿ ಮಗುವಿಗೆ ಬಂದ ಕಾಯಿಲೆ ವಾಸಿಯಾಗಿರುತ್ತಿತ್ತು, ಅಥವಾ ಮಗುವೇ ಇರುತ್ತಿರಲಿಲ್ಲ.

ಗುಂಡರ್ಟ್ ಕುಟುಂಬಕ್ಕೆ ಈ ಅಗಲಿಕೆ ಒದಗಿದ್ದು ಆ ನಿಲಯ ಇನ್ನೂ ಸ್ಥಾಪನೆಯಾಗದಿದ್ದ ಕಾಲದಲ್ಲಿ. 1845ರಲ್ಲಿ ಅವರು ಮಕ್ಕಳೊಡನೆ ಯುರೋಪಿಗೆ ಹೋದರು. 1846ರಲ್ಲಿ ಭಾರತಕ್ಕೆ ಮರಳುವಾಗ ಹಿರಿಯ ಮಕ್ಕಳನ್ನು ಅಲ್ಲಿಯೇ ಬಿಟ್ಟು ಬಂದರು. ಆಗ ಮೇರಿಗೆ ಇನ್ನೂ ನಾಲ್ಕು ವರ್ಷ. ಮುಂದೆ ಹನ್ನೊಂದು ವರ್ಷಗಳ ಕಾಲ ಆ ಮಗು ತಾಯಿಯ ಮುಖವನ್ನು ಕಾಣಲಿಲ್ಲ. ಅನ್ಯರ ಆಶ್ರಯದಲ್ಲಿಯೂ ಧಾರ್ಮಿಕ ಶಿಸ್ತಿನ ಶಾಲೆಯಲ್ಲಿಯೂ ಆಕೆ ಬೆಳೆದಳು. ತಲಶೇರಿಯಲ್ಲಿ ಜೂಲಿಯವರು ಪರರ ಮಕ್ಕಳಿಗೆ ತಾಯಿಯಾಗಿದ್ದ ಆ ವರ್ಷಗಳಲ್ಲೇ ಅವರ ಸ್ವಂತ ಮಗಳು ಪರರ ಮನೆಯಲ್ಲಿ ತಾಯಿಯ ಓಲೆಯನ್ನು ಕಾಯುತ್ತಿದ್ದಳು. ಈ ವೈಪರೀತ್ಯವನ್ನು ಕಂಡು ಆ ತಂದೆತಾಯಿಯರನ್ನು ಕಠಿಣಹೃದಯರೆಂದು ತೀರ್ಮಾನಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ದೇವರ ಕರೆಯೆಂದು ನಂಬಿದುದಕ್ಕೆ ಅವರು ತಮ್ಮ ಕರುಳನ್ನೇ ಒಪ್ಪಿಸಿದರು. ಆದರೆ ಮನೆ, ಮಕ್ಕಳು, ಹೊಲಗಳನ್ನು ತೊರೆಯುವವರ ಕುರಿತು ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ನುಡಿದ ಮಾತನ್ನು ಕೇಳಿ ಹೊರಟವರು ತಂದೆತಾಯಿಯರು. ತೊರೆಯಲ್ಪಟ್ಟ ಮಕ್ಕಳನ್ನು ಯಾರೂ ಕೇಳಿರಲಿಲ್ಲ ಎಂಬುದನ್ನು ಚರಿತ್ರೆಯನ್ನು ಓದುವವರು ಮರೆಯಬಾರದು.

ಮಗಳ ಬಾಳು

1857ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಮೇರಿ ಭಾರತಕ್ಕೆ ಮರಳಿದಳು. ಆಗ ಗುಂಡರ್ಟರನ್ನು ಸರಕಾರವು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಪರೀಕ್ಷಕರನ್ನಾಗಿ ನೇಮಿಸಿತ್ತು. ಹುಟ್ಟಿದ ಊರಿಗೆ ಬರುತ್ತಿದ್ದ ಆ ಹುಡುಗಿಗೆ ಊರೂ ಹೊಸದು, ತಂದೆತಾಯಿಯರೂ ಹೊಸಬರು. ಸಮುದ್ರಯಾನದಲ್ಲಿ ಪರಿಚಯವಾದ ಆಂಗ್ಲ ತರುಣನೊಬ್ಬ ಆಕೆಯನ್ನು ವಿವಾಹವಾಗಲು ಬಯಸಿದ್ದನು. ಆಕೆಯ ಮನಸ್ಸೂ ಅವನಲ್ಲಿತ್ತು. ಅದಕ್ಕೆ ತಂದೆತಾಯಿಯರ ಒಪ್ಪಿಗೆ ದೊರೆಯಲಿಲ್ಲ. ಬಾಲ್ಯದಲ್ಲಿ ಜೊತೆಗಿರಲಾಗದ ಹೆತ್ತವರು ಯೌವನದಲ್ಲಿ ಆಕೆಯ ಬಾಳಿನ ದಿಕ್ಕನ್ನು ನಿರ್ಧರಿಸಿದರು. ಮೇರಿ ಅದಕ್ಕೆ ತಲೆಬಾಗಿ ಹೆಣ್ಣುಮಕ್ಕಳ ಶಿಕ್ಷಣದಲ್ಲಿ ತಾಯಿಗೆ ನೆರವಾದಳು.

ಕಾಲಾನಂತರದಲ್ಲಿ ಆಕೆ ಸ್ವಇಚ್ಛೆಯಿಂದಲೇ ಮಿಶನ್ನಿನ ದಾರಿಯನ್ನು ಹಿಡಿದುದು ಗಮನಾರ್ಹ. 1865ರಲ್ಲಿ ಚಾರ್ಲ್ಸ್ ಐಸೆನ್‌ಬೆರ್ಗ್ ಎಂಬ ಮಿಶನರಿಯನ್ನು ವರಿಸಿ, ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ ಸಂಸಾರ ಹೂಡಿದಳು. ತಿಯೊಡೋರ್ ಮತ್ತು ಕಾರ್ಲ್ ಎಂಬ ಇಬ್ಬರು ಗಂಡುಮಕ್ಕಳಾದರು. ಆದರೆ ಗಂಡನ ಆರೋಗ್ಯ ಕೆಟ್ಟಿತು; ಸ್ವದೇಶಕ್ಕೆ ಮರಳಬೇಕಾಯಿತು. 1870ರಲ್ಲಿ ಅವರು ತೀರಿಕೊಂಡಾಗ ಇಪ್ಪತ್ತೆಂಟು ವರ್ಷದ ವಿಧವೆ, ಎರಡು ಎಳೆಯ ಮಕ್ಕಳೊಡನೆ, ಕಾಲ್ವ್ ಎಂಬ ಪುಟ್ಟ ನಗರದಲ್ಲಿದ್ದ ತಂದೆಯ ಮನೆಯನ್ನು ಸೇರಿದಳು.

ಮರಳಿದವರು

ಗುಂಡರ್ಟರು ಅದಕ್ಕೂ ಮೊದಲೇ ತಾಯ್ನಾಡಿಗೆ ಮರಳಿದ್ದರು. ಅನಾರೋಗ್ಯದಿಂದ ಬಳಲಿದ ಅವರು 1859ರಲ್ಲಿ ಭಾರತವನ್ನು ಬಿಟ್ಟರು. ಜೂಲಿಯವರು ಮರುವರ್ಷ ಹೊರಟರು. 1862ರಿಂದ ಕಾಲ್ವ್ ನಗರದ ಕ್ರೈಸ್ತ ಪ್ರಕಟಣಾಲಯದ ಹೊಣೆ ಗುಂಡರ್ಟರ ಮೇಲೆ ಬಿದ್ದಿತು. ಕಪ್ಪುಕಾಡಿನ ಅಂಚಿನಲ್ಲಿ, ನಾಗೋಲ್ಡ್ ಹೊಳೆಯ ದಡದಲ್ಲಿರುವ ಊರು ಅದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಭಾರತದಲ್ಲಿ ಬಾಳಿದವರಿಗೆ ಅಲ್ಲಿನ ಹಿಮವೂ ಚಳಿಯೂ ಮತ್ತೊಮ್ಮೆ ರೂಢಿಯಾಗಬೇಕಾಗಿತ್ತು.

ಮರಳಿದವರ ಮನಸ್ಸು ಪೂರ್ತಿಯಾಗಿ ಮರಳಿತೆ? ಗುಂಡರ್ಟರು ಕಾಲ್ವ್‌ನಲ್ಲಿ ಕುಳಿತು ಮಾಡಿದ ಕೆಲಸವೇ ಇದಕ್ಕೆ ಉತ್ತರ. ತಲಶೇರಿಯ ಬೀದಿಗಳಲ್ಲಿ, ಹೊಲಗದ್ದೆಗಳಲ್ಲಿ, ಹಳೆಯ ತಾಳೆಗರಿಗಳಲ್ಲಿ ಸಂಗ್ರಹಿಸಿದ್ದ ಪದರಾಶಿಯನ್ನು ಅವರು ವರ್ಷಗಟ್ಟಲೆ ಶೋಧಿಸಿ ಜೋಡಿಸಿದರು. ಸಾವಿರಕ್ಕೂ ಹೆಚ್ಚು ಪುಟಗಳ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ ಹೊರಬಂದಿತು. ಅದು ಪ್ರಕಟವಾದುದು ಜರ್ಮನಿಯಲ್ಲಲ್ಲ, ನಮ್ಮ ಮಂಗಳೂರಿನಲ್ಲಿ. ದೇಹ ಮರಳಲಾಗದ ತೀರಕ್ಕೆ ಗ್ರಂಥ ಮರಳಿತು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಹೆಸರು ನೆನಪಾಗದೆ ಇರದು. ರೆವರೆಂಡ್ ಫೆರ್ಡಿನಾಂಡ್ ಕಿಟೆಲರ ಬಾಳೂ ಇದೇ ಹಾದಿಯಲ್ಲಿ ಸಾಗಿತು. 1853ರಲ್ಲಿ ಇಲ್ಲಿಗೆ ಬಂದ ಅವರು 1860ರಲ್ಲಿ ಪೌಲೀನ್ ಐಟ್ ಎಂಬವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ ಆಕೆ ನಿಧನ ಹೊಂದಿದರು. ಕಿಟೆಲರು ಮುಂದೆ ಆಕೆಯ ತಂಗಿ ಜೂಲಿಯನ್ನು ವರಿಸಿದರು. ಅಕ್ಕ ತೀರಿಕೊಂಡ ನಾಡಿಗೇ ಸಂಬಂಧ ಬೆಳೆಸಿದ ಆ ತಂಗಿಯ ಧೈರ್ಯವನ್ನು ನಾವು ಊಹಿಸಿಕೊಳ್ಳಬೇಕು. 1892ರಲ್ಲಿ ಕಿಟೆಲರು ಕೊನೆಯ ಬಾರಿ ಭಾರತವನ್ನು ಬಿಟ್ಟು ಟ್ಯೂಬಿಂಗೆನ್ನಿನಲ್ಲಿ ನೆಲೆಸಿದರು. ಸುಮಾರು 70,000 ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಅವರ ಕನ್ನಡ ವ್ಯಾಕರಣ ಅವರು ತೀರಿಕೊಂಡ 1903ರಲ್ಲಿ ಬೆಳಕು ಕಂಡಿತು. ಮೋಗ್ಲಿಂಗರೂ ಪತ್ನಿಯ ಅಸ್ವಾಸ್ಥ್ಯದ ನಿಮಿತ್ತ 1860ರಲ್ಲಿ ಇಲ್ಲಿಂದ ಹೊರಟವರು ಮತ್ತೆ ಬರಲಾಗದೆ 1881ರಲ್ಲಿ ಸ್ವದೇಶದಲ್ಲಿ ನಿಧನರಾದರು. ನಮ್ಮ ಮನೆಗಳ ಕಪಾಟುಗಳಲ್ಲಿರುವ ನಿಘಂಟುಗಳ ಹಿಂದೆ ಇಂಥ ಎಷ್ಟು ಸಮಾಧಿಗಳಿವೆ, ಎಷ್ಟು ಅಗಲಿಕೆಗಳಿವೆ ಎಂಬುದನ್ನು ಪುಟ ತಿರುಗಿಸುವಾಗ ನಾವು ನೆನೆಯುವುದುಂಟೆ?

ಮೊಮ್ಮಗ

ಕಾಲ್ವ್‌ನಲ್ಲಿ ಗುಂಡರ್ಟರಿಗೆ ಸಹಾಯಕರಾಗಿ ಯೊಹಾನ್ನೆಸ್ ಹೆಸ್ಸೆ ಎಂಬ ತರುಣರು ಬಂದರು. ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದ ಎಸ್ಟೋನಿಯಾದಲ್ಲಿ ಹುಟ್ಟಿದ ಅವರು 1869ರಿಂದ 1873ರವರೆಗೆ ಭಾರತದಲ್ಲಿ ಬಾಸೆಲ್ ಮಿಶನ್ನಿನ ಸೇವೆ ಸಲ್ಲಿಸಿ, ಅನಾರೋಗ್ಯದಿಂದ ಹಿಂದಿರುಗಿದವರು. 1874ರಲ್ಲಿ ಮೇರಿ ಅವರನ್ನು ವಿವಾಹವಾದರು. ಇವರ ಮಗನೇ 1877ರ ಜುಲೈ 2ರಂದು ಜನಿಸಿದ ಹೆರ್ಮನ್ ಹೆಸ್ಸೆ; ಮುಂದೆ 1922ರಲ್ಲಿ ‘ಸಿದ್ಧಾರ್ಥ’ವನ್ನು ಪ್ರಕಟಿಸಿ, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸಾಹಿತಿ.

ತಾತನ ಮನೆ ಒಂದು ಪುಟ್ಟ ಭಾರತವೇ ಆಗಿತ್ತು. ಅಲ್ಲಿ ನಮ್ಮ ದೇಶದ ವಸ್ತುಗಳಿದ್ದವು, ಪುಸ್ತಕಗಳಿದ್ದವು, ಹಲವು ಭಾಷೆಗಳ ಮಾತಿತ್ತು, ದೂರದೇಶಗಳಿಂದ ಬರುವ ಅತಿಥಿಗಳಿದ್ದರು. ಆದರೂ ಮಿಶನರಿ ಮನೆತನದ ಹಳೆಯ ಅಗಲಿಕೆ ಮೂರನೆಯ ತಲೆಮಾರನ್ನೂ ಬಿಡಲಿಲ್ಲ. 1881ರಿಂದ ಕೆಲವು ವರ್ಷ ಹೆಸ್ಸೆ ಕುಟುಂಬ ಬಾಸೆಲಿನಲ್ಲಿತ್ತು. ತುಂಟ ಬಾಲಕನನ್ನು ಹತೋಟಿಯಲ್ಲಿಡಲಾರದೆ ತಂದೆತಾಯಿಯರು ಅವನನ್ನು ಅದೇ ಊರಿನ ಮಿಶನ್ ಬಾಲಕರ ನಿಲಯದಲ್ಲಿ ಕೆಲಕಾಲ ಇರಿಸಿದರು. ನಾಲ್ಕರ ವಯಸ್ಸಿನಲ್ಲಿ ಹೆತ್ತವರಿಂದ ದೂರವಾಗಿದ್ದ ಮೇರಿ ತನ್ನ ಮಗನನ್ನೂ ಮನೆಯಿಂದ ಹೊರಗಿರಿಸಬೇಕಾಗಿ ಬಂದುದು ವಿಧಿಯ ವಿಚಿತ್ರ.

1892ರಲ್ಲಿ ಆ ಮೊಮ್ಮಗ, ತಾತ ಒಮ್ಮೆ ಓದಿದ್ದ ಮೌಲ್‌ಬ್ರೊನ್ನಿನ ವಿದ್ಯಾಮಂದಿರದಿಂದಲೇ ಓಡಿಹೋದನು. ಮನೆಯವರೆಲ್ಲ ಕಳವಳಗೊಂಡರು. ಅಪರಾಧಿಯಾಗಿ ತಲೆತಗ್ಗಿಸಿ ಬಂದ ಹುಡುಗನನ್ನು ವೃದ್ಧ ಗುಂಡರ್ಟರು ಗದರಿಸಲಿಲ್ಲ. ಮಹಾಮೇಧಾವಿಗಳು ಹೊರಡುವಂಥ ಒಂದು ಸಣ್ಣ ಯಾತ್ರೆಗೆ ಹೋಗಿದ್ದೆಯಂತೆ ಎಂಬ ಅರ್ಥದಲ್ಲಿ ನಸುನಕ್ಕು ವಿಚಾರಿಸಿದರು. ಈ ಸೌಮ್ಯತೆಯನ್ನು ಹೆಸ್ಸೆಯವರು ಬಾಳಿನುದ್ದಕ್ಕೂ ಮರೆಯಲಿಲ್ಲ. ತನ್ನ ಮಕ್ಕಳ ಬಾಲ್ಯವನ್ನು ಕಾಣಲಾಗದ ತಂದೆ, ಮೊಮ್ಮಗನ ತಪ್ಪನ್ನು ಮನ್ನಿಸುವ ತಾತನಾದರು. ಮರುವರ್ಷ, 1893ರ ಏಪ್ರಿಲ್ 25ರಂದು, ಗುಂಡರ್ಟರು ದೈವಾಧೀನರಾದರು. ಜೂಲಿಯವರು 1885ರಲ್ಲಿಯೇ ತೀರಿಹೋಗಿದ್ದರು. ಮೇರಿ 1902ರಲ್ಲಿ ಅವರನ್ನು ಕೂಡಿಕೊಂಡರು.

1911ರಲ್ಲಿ ಹೆಸ್ಸೆಯವರು ಪೂರ್ವದೇಶಗಳ ಯಾತ್ರೆ ಕೈಗೊಂಡರು. ಸಿಂಹಳ, ಸಿಂಗಪುರ, ಸುಮಾತ್ರಗಳನ್ನು ಕಂಡರು. ತಾಯಿ ಹುಟ್ಟಿದ ಮಲಬಾರನ್ನು ಮಾತ್ರ ಕಾಣಲಾಗಲಿಲ್ಲ. ಆ ಕುಟುಂಬಕ್ಕೆ ಭಾರತವು ಸ್ಮರಣೆಯಲ್ಲಿಯೇ ಉಳಿದ ತವರಾಯಿತು. 1934ರಲ್ಲಿ ಮೇರಿಯವರ ಓಲೆಗಳನ್ನೂ ದಿನಚರಿಗಳನ್ನೂ ಮಗಳು ಅಡೆಲೆ ಪುಸ್ತಕರೂಪದಲ್ಲಿ ಹೊರತಂದರು. ತಾತನ ಹಸ್ತಪ್ರತಿಗಳು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಭದ್ರವಾಗಿವೆ. 2018ರಿಂದ ಅವುಗಳನ್ನು ಗಣಕಯಂತ್ರದ ಮೂಲಕ ಎಲ್ಲರೂ ಓದಬಹುದಾಗಿದೆ.

ನಮಗೆ ಉಳಿದ ಪಾಠ

ಕಥೋಲಿಕ ಮಿಶನರಿಗಳ ಬಾಳಿನಲ್ಲಿಯೂ ಮರಳಿದವರುಂಟು, ಮರಳದವರುಂಟು. ಮೈಸೂರು ನಾಡಿನಲ್ಲಿ ಮೂರು ದಶಕಗಳಷ್ಟು ಕಾಲ ದುಡಿದ, ಸಿಡುಬಿಗೆ ದೇವಿ ಹಾಕುವ ಕಾರ್ಯವನ್ನು ಊರೂರಿಗೆ ಕೊಂಡೊಯ್ದ ಅಬ್ಬೆ ದ್ಯುಬುವಾ ಸ್ವಾಮಿಗಳು 1823ರಲ್ಲಿ ಪ್ಯಾರಿಸಿಗೆ ಹಿಂದಿರುಗಿ, 1848ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳಲ್ಲಿ ಒಬ್ಬರಾದ ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು ಕಂಕನಾಡಿಯ ರೋಗಿಗಳ ನಡುವೆ ಬಾಳಿ 1910ರಲ್ಲಿ ಇದೇ ಮಣ್ಣನ್ನು ಸೇರಿದರು. ಮರಳಿದವರೂ ಉಳಿದವರೂ ಒಂದೇ ಪ್ರೀತಿಯ ಎರಡು ದಾರಿಗಳನ್ನು ಹಿಡಿದವರು.

ಆದರೆ ಗುಂಡರ್ಟ್ ಕುಟುಂಬದ ಕಥೆ ನಮಗೆ ವಿಶೇಷವಾಗಿ ಕಲಿಸುವುದೊಂದಿದೆ. ಸೇವೆಗೆ ಹೊರಟವನ ವ್ರತಭಾರದ ಒಂದು ಪಾಲನ್ನು ಮನೆಯವರೂ ಹೊರುತ್ತಾರೆ. ಅವರಲ್ಲಿ ಕೆಲವರು ಆ ಭಾರವನ್ನು ತಾವಾಗಿ ಆರಿಸಿಕೊಂಡವರಲ್ಲ. ಇಂದು ಕಾಲ ತಿರುಗಿದೆ. ನಮ್ಮ ಧರ್ಮಕೇಂದ್ರಗಳಿಂದಲೇ ಗುರುಗಳೂ ಕನ್ಯಾಸ್ತ್ರೀಯರೂ ದೂರದೇಶಗಳಿಗೆ ಸೇವೆಗೆ ಹೋಗುತ್ತಿದ್ದಾರೆ. ಜೀವನೋಪಾಯಕ್ಕಾಗಿ ಕೊಲ್ಲಿ ರಾಷ್ಟ್ರಗಳಿಗೆ ಹೋದ ತಂದೆಯರೂ, ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿರುವ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಇವರ ಮನೆಗಳಲ್ಲಿ ಹಬ್ಬದ ದಿನ ಒಂದು ಎಲೆ ಕಡಮೆ ಹಾಕುವಾಗ ಆಗುವ ನೋವು ಮೇರಿಯ ನೋವಿಗೆ ದೂರದ್ದಲ್ಲ. ಅಂಥ ಮನೆಗಳನ್ನು ವಿಚಾರಿಸುವುದು, ಒಂಟಿಯಾದ ವೃದ್ಧರನ್ನು ಕಾಣುವುದು, ತಂದೆತಾಯಿ ದೂರವಿರುವ ಮಕ್ಕಳಿಗೆ ಮನೆಯವರಂತಾಗುವುದು ಧರ್ಮಕೇಂದ್ರದ ಕರ್ತವ್ಯ. ಸ್ವದೇಶಕ್ಕೆ ಮರಳಿದವರನ್ನೂ ಹೊಸಬರಂತೆ ಕಾಣದೆ ಬರಮಾಡಿಕೊಳ್ಳಬೇಕು. ಏಕೆಂದರೆ ಹೋದವರಾಗಿಯೇ ಮರಳಿ ಬರುವವರು ಯಾರೂ ಇಲ್ಲ.

ಈ ಶತಮಾನೋತ್ಸವದ ಬಲಿಪೂಜೆಯಲ್ಲಿ ಅಗಲಿದ ಗುರುಗಳ ಹೆಸರುಗಳನ್ನು ನಾವು ಓದುತ್ತೇವೆ. ಅವರನ್ನು ಹೆತ್ತು ಬೀಳ್ಕೊಟ್ಟ ತಾಯಂದಿರ ಹೆಸರುಗಳು ನಮಗೆ ತಿಳಿಯವು. ತಿಳಿಯದ ಆ ಹೆಸರುಗಳಿಗಾಗಿಯೂ ಒಂದು ಪ್ರಾರ್ಥನೆ ನಮ್ಮಿಂದ ಸಲ್ಲಲಿ.